ನಿಮಗಿದು ಗೊತ್ತೇ? ಅಪರಾಧ, ನ್ಯಾಯ ಮತ್ತು ಸರ್ಕಾರದ ದುಡ್ಡು: ಮೊದಲು ಯಾವ ಪ್ರಶ್ನೆ?

ಪೊಲೀಸರಿಗೆ ಜೀಪು, ಕೋರ್ಟಿಗೆ ಕಟ್ಟಡ, ಜೈಲಿಗೆ ಗೋಡೆ. ಇವಕ್ಕೆಲ್ಲ ಬಜೆಟ್‌ನಲ್ಲಿ ದುಡ್ಡು ಇರುತ್ತದೆ. ಕಳವು ಯಾಕೆ ನಡೆಯುತ್ತದೆ, ಕೇಸು ಯಾಕೆ ಬಿದ್ದುಹೋಗುತ್ತದೆ, ಯಾವ ಉಪಾಯದಿಂದ ಹಿಂಸೆ ನಿಜವಾಗಿ ತಗ್ಗುತ್ತದೆ ಎಂದು ಹುಡುಕಿ ನೋಡುವುದಕ್ಕೂ ದುಡ್ಡು ಬೇಕು. ಆ ದುಡ್ಡು ಯಾವಾಗಲೂ ಕಡಿಮೆಯೇ. ಹಾಗಾಗಿ ಅದು ಮೊದಲು ಯಾವ ಪ್ರಶ್ನೆಗೆ ಹೋಗಬೇಕು ಎಂಬ ತೀರ್ಮಾನ ಬಹಳ ಮುಖ್ಯ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಂದ ಹೊರಟು ದೇಶ ಸುತ್ತಿ ಬಂದ ಕೆಲವು ಸಂಗತಿಗಳು ಇಲ್ಲಿವೆ.

ಹಳೆಯ ಕಲ್ಲು, ಹಳೆಯ ಗಡಿ

1. ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಸುಮಾರು ಕ್ರಿ.ಶ. 725ರಲ್ಲಿ ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಈ ಊರಿನ ಮಹಾಜನರಿಗೆ, ನಗರದವರಿಗೆ ಒಂದು 'ಆಚಾರವ್ಯವಸ್ಥೆ'ಯನ್ನು ಕೊಟ್ಟ. ಶಾಸನದಲ್ಲಿ ರಾಜಪುರುಷರು ಏನನ್ನು ಕಾಪಾಡಬೇಕು, ಜನ ಯಾವ ತೆರಿಗೆ ಕೊಡಬೇಕು, ಕಳ್ಳತನ ಮತ್ತು ಸಣ್ಣ ತಪ್ಪುಗಳ ದಂಡ ಯಾರಿಗೆ ಸಲ್ಲಬೇಕು ಎಂಬ ವಿವರ ಇದೆ. ಅಧಿಕಾರಿಗಳ ಕರ್ತವ್ಯ ಮತ್ತು ದಂಡದ ಹಣದ ದಾರಿ ಎರಡನ್ನೂ ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಊರಿನ ಎದುರು ಕಲ್ಲಿನಲ್ಲಿ ಬರೆದು ನಿಲ್ಲಿಸಿದ್ದರು.

2. ಇಂದು ಒಂದೇ ಜಿಲ್ಲೆಯಲ್ಲಿರುವ ಈ ಊರುಗಳು ಸ್ವಾತಂತ್ರ್ಯದ ತನಕ ಮೂರು ಆಡಳಿತಗಳಲ್ಲಿ ಹಂಚಿಹೋಗಿದ್ದವು. ಗದಗ ಮತ್ತು ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿ, ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದಲ್ಲಿ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿ. ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

3. ಮುಂಡರಗಿ ಭೀಮರಾಯ ಬ್ರಿಟಿಷರ ವಿರುದ್ಧ ಎದ್ದು, ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದದ್ದು 1858ರಲ್ಲಿ. ಎರಡು ವರ್ಷಕ್ಕೆ ಸರ್ಕಾರ ಪೊಲೀಸ್ ಆಯೋಗ ನೇಮಿಸಿತು. ಅದರ ಫಲವಾಗಿ 1861ರ ಪೊಲೀಸ್ ಕಾಯ್ದೆ ಬಂತು. ದಂಗೆಯ ಭಯದಲ್ಲಿ ಹುಟ್ಟಿದ ಆ ವ್ಯವಸ್ಥೆಗೆ ಜನರನ್ನು ಹತೋಟಿಯಲ್ಲಿ ಇಡುವುದೇ ಮೊದಲ ಕೆಲಸವಾಗಿತ್ತು. ಯಾವ ಪ್ರಶ್ನೆಯಿಂದ ಆರಂಭಿಸುತ್ತೇವೆಯೋ ಅಂಥದೇ ಸಂಸ್ಥೆ ಬೆಳೆಯುತ್ತದೆ.

ಗಲಭೆಯ ಬೇರು ಹುಡುಕಿದಾಗ

4. 1875ರಲ್ಲಿ ಪುಣೆ ಮತ್ತು ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲದ ಪತ್ರಗಳನ್ನು ಸುಟ್ಟರು. ಅದು ಅಪರಾಧವೇ, ಬಂಧನಗಳೂ ಆದವು. ಆದರೆ ಸರ್ಕಾರ ಒಂದು ಆಯೋಗವನ್ನೂ ನೇಮಿಸಿ ಕಾರಣ ಕೇಳಿತು. ಉತ್ತರ ಸಾಲದಲ್ಲಿ ಸಿಕ್ಕಿತು. 1879ರಲ್ಲಿ ದಖನ್ ಕೃಷಿಕರ ಪರಿಹಾರ ಕಾಯ್ದೆ ಬಂತು.

5. ರೈತರ ಸಾಲದ ಅದೇ ಚಿಂತೆ ಮುಂದುವರಿದು 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಆಯಿತು. ಮರುವರ್ಷವೇ, 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಗಲಭೆಯ ಕಾರಣ ಹುಡುಕಿದ ಒಂದು ವರದಿಗೂ ಗದಗದ ಸಹಕಾರ ಚಳವಳಿಗೂ ಹೀಗೊಂದು ನಂಟಿದೆ.

6. ನೂರೈವತ್ತು ವರ್ಷದ ನಂತರವೂ ಪ್ರಶ್ನೆ ಅದೇ. ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಹತ್ತು ವರ್ಷದ ತನಕ ಜೈಲು, 5 ಲಕ್ಷ ರೂಪಾಯಿ ತನಕ ದಂಡ ವಿಧಿಸುವ ಅವಕಾಶ ಅದರಲ್ಲಿದೆ. ಈ ಕಠಿಣ ಶಿಕ್ಷೆಯಿಂದ ಮನೆ ಬಾಗಿಲ ಮುಂದಿನ ಬೆದರಿಕೆ ತಗ್ಗಿತೇ? ಸಾಲ ಬೇಕಾದ ಹೆಣ್ಣುಮಕ್ಕಳು ಈಗ ಎಲ್ಲಿಗೆ ಹೋಗುತ್ತಿದ್ದಾರೆ? ಮುಂಡರಗಿ, ಶಿರಹಟ್ಟಿಯ ಹಳ್ಳಿಗಳಲ್ಲಿ ಕೂತು ಕೇಳಿದರೆ ಮಾತ್ರ ಇದು ತಿಳಿದೀತು.

ಬೆಟಗೇರಿಯ ಸೆಟ್ಲ್‌ಮೆಂಟ್

7. ಬೆಟಗೇರಿಯಲ್ಲಿ ಇಂದಿಗೂ 'ಸೆಟ್ಲ್‌ಮೆಂಟ್' ಎಂದು ಕರೆಯುವ ಬಡಾವಣೆ ಇದೆ. ಆ ಹೆಸರಿನ ಹಿಂದೆ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇದೆ. ಇಡೀ ಸಮುದಾಯಗಳನ್ನೇ ಹುಟ್ಟಾ ಕಳ್ಳರೆಂದು ಪಟ್ಟಿ ಮಾಡಿದ ಕಾನೂನು ಅದು. 1911ರಲ್ಲಿ ಅದರ ವ್ಯಾಪ್ತಿ ಹಿಗ್ಗಿತು. ಮುಂಬಯಿ ಪ್ರಾಂತದಲ್ಲಿ ವಿಜಯಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ವಸಾಹತುಗಳು ಎದ್ದವು.

8. ಗಂಟಿಚೋರ್, ಹರಣಶಿಕಾರಿ, ಕೊರಚ ಮುಂತಾದ ಸಮುದಾಯಗಳ ಜನರನ್ನು ಇಂಥ ವಸಾಹತುಗಳಲ್ಲಿ ಇರಿಸಿ, ಹಾಜರಿ ತೆಗೆದುಕೊಂಡು, ಗಿರಣಿ ಮತ್ತು ರೈಲ್ವೆ ಕೆಲಸಕ್ಕೆ ಹಚ್ಚುತ್ತಿದ್ದರು. ಚೀಟಿ ಇಲ್ಲದೆ ಹೊರಗೆ ಹೋಗುವಂತಿರಲಿಲ್ಲ. ತೊಟ್ಟಿಲ ಕೂಸಿಗೂ ಅದೇ ಹಣೆಪಟ್ಟಿ. ಈ ವ್ಯವಸ್ಥೆಗೆ ಸರ್ಕಾರ ದಶಕಗಳ ಕಾಲ ಹಣ ಸುರಿಯಿತು. ಹುಟ್ಟಿನಿಂದ ಕಳ್ಳತನ ಬರುತ್ತದೆ ಎಂಬ ಮೂಲ ನಂಬಿಕೆಗೆ ಪುರಾವೆ ಮಾತ್ರ ಇರಲಿಲ್ಲ.

9. ಮುಂಬಯಿ ಪ್ರಾಂತದ ವಸಾಹತುಗಳ ಉಸ್ತುವಾರಿ ಹೊತ್ತಿದ್ದ ಅಧಿಕಾರಿ ಒ.ಎಚ್.ಬಿ. ಸ್ಟಾರ್ಟ್. 1928ರಲ್ಲಿ ದಲಿತರ ಮತ್ತು ಬುಡಕಟ್ಟು ಜನರ ಸ್ಥಿತಿಗತಿ ತಿಳಿಯಲು ಮುಂಬಯಿ ಸರ್ಕಾರ ನೇಮಿಸಿದ ಸಮಿತಿಗೂ ಅವರೇ ಅಧ್ಯಕ್ಷರು. ಆ ಸಮಿತಿಯ ಸದಸ್ಯರಲ್ಲಿ ಒಬ್ಬರು ಡಾ. ಬಿ.ಆರ್. ಅಂಬೇಡ್ಕರ್. ವರದಿ ಬಂದದ್ದು 1930ರಲ್ಲಿ.

10. ಆ ಕರಾಳ ಕಾಯ್ದೆಯನ್ನು ದೇಶದಿಂದ ಕಿತ್ತುಹಾಕಿದ್ದು ಕೂಡ ಒಂದು ಅಧ್ಯಯನವೇ. 1949ರಲ್ಲಿ ನೇಮಕವಾದ, ಅನಂತಶಯನಂ ಅಯ್ಯಂಗಾರ್ ಅಧ್ಯಕ್ಷತೆಯ ವಿಚಾರಣಾ ಸಮಿತಿ ಪ್ರಾಂತಗಳಿಂದ ಮಾಹಿತಿ ಕಲೆಹಾಕಿ ರದ್ದತಿಗೆ ಶಿಫಾರಸು ಮಾಡಿತು. 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ವಿಮುಕ್ತ ಸಮುದಾಯಗಳು ಆ ದಿನವನ್ನು ಇಂದಿಗೂ ಆಚರಿಸುತ್ತವೆ.

11. ಕಾಯ್ದೆ ಹೋದರೂ ಗುಮಾನಿ ಹೋಗಲಿಲ್ಲ. ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು, ಕರ್ನಾಟಕದ್ದು 1961ರದು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಜೈಲುಗಳೊಳಗಿನ ಜಾತಿ ಆಧಾರಿತ ಕೆಲಸ ಹಂಚಿಕೆಯನ್ನು ರದ್ದು ಮಾಡಿತು. ವಿಮುಕ್ತ ಸಮುದಾಯಗಳವರನ್ನು ಅಪರಾಧಿಗಳೆಂದೇ ಕಾಣುವ ಜೈಲು ಕೈಪಿಡಿಗಳ ನಿಯಮಗಳನ್ನೂ ಅದು ಒಪ್ಪಲಿಲ್ಲ. ಆ ಮೊಕದ್ದಮೆಗೆ ಬುನಾದಿಯಾದದ್ದು ಒಬ್ಬ ಪತ್ರಕರ್ತೆಯ ತನಿಖಾ ಬರಹ.

ದುಡ್ಡಿನ ಲೆಕ್ಕ

12. ಪೊಲೀಸ್ ವ್ಯವಸ್ಥೆಯ ಮೇಲೆ ಸಂಶೋಧನೆ ಮಾಡಲೆಂದೇ ಕೇಂದ್ರ ಗೃಹ ಸಚಿವಾಲಯದ ಒಂದು ಸಂಸ್ಥೆ ಇದೆ: ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೋ. ಹುಟ್ಟಿದ್ದು 1970ರ ಆಗಸ್ಟ್ 28ರಂದು. ಅಧ್ಯಯನಗಳಿಗೆ ಹಣ ಕೊಡುವುದು, ಅಪರಾಧಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುವವರಿಗೆ ಫೆಲೋಶಿಪ್ ನೀಡುವುದು ಅದರ ಕೆಲಸಗಳಲ್ಲಿ ಸೇರಿವೆ. ಧಾರವಾಡ, ಗದಗದ ವಿದ್ಯಾರ್ಥಿಗಳು ಇದನ್ನು ಗಮನಿಸಲಿ.

13. ರಾಜ್ಯಗಳ ನ್ಯಾಯ ವ್ಯವಸ್ಥೆಯನ್ನು ಅಳೆಯುವ 2025ರ ಭಾರತ ನ್ಯಾಯ ವರದಿಯ ಲೆಕ್ಕ ನೋಡಿ. ದೇಶದಲ್ಲಿ ತಲಾ ಒಬ್ಬರಿಗೆ ವರ್ಷಕ್ಕೆ ಪೊಲೀಸ್ ವೆಚ್ಚ 1,275 ರೂಪಾಯಿ, ನ್ಯಾಯಾಂಗಕ್ಕೆ 182, ಜೈಲಿಗೆ 57. ಬಡವರಿಗೆ ವಕೀಲರನ್ನು ಒದಗಿಸುವ ಕಾನೂನು ನೆರವಿಗೆ ಸುಮಾರು 6 ರೂಪಾಯಿ.

14. ಅದೇ ವರದಿಯಲ್ಲಿ ದೊಡ್ಡ ಮತ್ತು ಮಧ್ಯಮ ರಾಜ್ಯಗಳ ಪೈಕಿ ಕರ್ನಾಟಕಕ್ಕೆ ಮೊದಲ ಸ್ಥಾನ. 2022ರ ಆವೃತ್ತಿಯಲ್ಲೂ ಮೊದಲನೆಯದೇ. ಅದರ ಹಿಂದಿನ, 2020ರ ಆವೃತ್ತಿಯಲ್ಲಿ 14ನೆಯದು. ಅಳೆದು ಪ್ರಕಟಿಸಿದರೆ ಎಲ್ಲಿ ಕೊರತೆ ಎಂಬುದು ಎಲ್ಲರಿಗೂ ಕಾಣುತ್ತದೆ, ತಿದ್ದಿಕೊಳ್ಳಲು ದಾರಿಯಾಗುತ್ತದೆ.

15. ಹತ್ತು ಲಕ್ಷ ಜನರಿಗೆ 50 ನ್ಯಾಯಾಧೀಶರು ಬೇಕೆಂದು ಕಾನೂನು ಆಯೋಗ ಹೇಳಿದ್ದು 1987ರಲ್ಲಿ. 2025ರ ಭಾರತ ನ್ಯಾಯ ವರದಿಯ ಪ್ರಕಾರ ಇರುವುದು 15. ವಾಯಿದೆ ಮೇಲೆ ವಾಯಿದೆ ಬೀಳುವುದಕ್ಕೆ ಇದೊಂದು ದೊಡ್ಡ ಕಾರಣ.

16. 2024ರ ಜೂನ್‌ನಲ್ಲಿ ವಿಧಿವಿಜ್ಞಾನ ಮೂಲಸೌಕರ್ಯಕ್ಕೆ ಕೇಂದ್ರ ಸಂಪುಟ ಒಪ್ಪಿದ ಮೊತ್ತ 2,254.43 ಕೋಟಿ ರೂಪಾಯಿ. 2023ರ ಸೆಪ್ಟೆಂಬರ್‌ನಲ್ಲಿ ಇ-ಕೋರ್ಟ್ಸ್ ಮೂರನೆಯ ಹಂತಕ್ಕೆ ಒಪ್ಪಿದ್ದು 7,210 ಕೋಟಿ. ಎರಡೂ ಬೇಕಾದ ಖರ್ಚುಗಳೇ. ಯಂತ್ರ ಬಂದ ಮೇಲೆ ಕೇಸು ಬೇಗ ಮುಗಿಯಿತೇ, ನಿರಪರಾಧಿ ಬೇಗ ಬಿಡುಗಡೆಯಾದನೇ ಎಂದು ಅಳೆಯುವ ಹಣವನ್ನೂ ಜೊತೆಗೇ ಎತ್ತಿಡಬೇಕು. ಮಣ್ಣು ಪರೀಕ್ಷೆ ಮಾಡಿಸದೆ ಹೊಲಕ್ಕೆ ಗೊಬ್ಬರ ಸುರಿಯುವ ರೈತನಿಗೆ ಆಗುವ ನಷ್ಟ ಸರ್ಕಾರಕ್ಕೂ ಆಗುತ್ತದೆ.

ಲೆಕ್ಕಕ್ಕೆ ಸಿಗದ ಅಪರಾಧ

17. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಸ್ಥಾಪನೆಯಾದದ್ದು 1986ರಲ್ಲಿ. ಅದರ ವಾರ್ಷಿಕ ವರದಿಯ ಎಣಿಕೆಯಲ್ಲಿ ಒಂದು ನಿಯಮವಿದೆ: ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅತಿ ಘೋರವಾದದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ. ಕೊಲೆಯ ಜೊತೆ ದರೋಡೆಯೂ ಆಗಿದ್ದರೆ ಕೊಲೆ ಎಣಿಕೆಗೆ ಸಿಗುತ್ತದೆ, ದರೋಡೆ ಬಿಟ್ಟುಹೋಗುತ್ತದೆ.

18. ಅಪರಾಧ ಹೆಚ್ಚುವುದೇ ಬೇರೆ, ಅಪರಾಧದ ದಾಖಲಾತಿ ಹೆಚ್ಚುವುದೇ ಬೇರೆ ಎಂದು ಆ ಬ್ಯೂರೋವೇ ಎಚ್ಚರಿಸುತ್ತದೆ. ದೂರು ಕೇಳಿ ಬರೆದುಕೊಳ್ಳುವ ಪ್ರಾಮಾಣಿಕ ಠಾಣೆಯ ಅಂಕಿ ಏರುತ್ತದೆ, ದೂರುದಾರರನ್ನು ವಾಪಸ್ ಕಳಿಸುವ ಠಾಣೆಯ ಅಂಕಿ ಇಳಿಯುತ್ತದೆ. ಬರೀ ಅಂಕಿ ನೋಡಿ ಠಾಣೆಗೆ ಶಹಬ್ಬಾಸ್ ಎನ್ನುವುದು ಅನ್ಯಾಯ.

19. ರಾಷ್ಟ್ರೀಯ ವರದಿ ಜಿಲ್ಲೆಯ ಮಟ್ಟಕ್ಕೇ ನಿಲ್ಲುತ್ತದೆ. ಗದಗ ಜಿಲ್ಲೆಗೆ ಒಂದು ಸಾಲು. ಲಕ್ಷ್ಮೇಶ್ವರದ ಪೇಟೆ, ಶಿರಹಟ್ಟಿಯ ಹಳ್ಳಿಗಾಡು, ತುಂಗಭದ್ರೆಯ ದಂಡೆಯ ಮುಂಡರಗಿ ಊರುಗಳು ಆ ಒಂದೇ ಸಾಲಿನಲ್ಲಿ ಕರಗಿಹೋಗುತ್ತವೆ. ಒಂದೊಂದರ ಕಷ್ಟ ಒಂದೊಂದು ಬಗೆ.

20. ಬ್ರಿಟನ್ 1982ರಿಂದ, ಅಮೆರಿಕ 1973ರಿಂದ ಮನೆಮನೆಗೆ ಹೋಗಿ 'ನಿಮ್ಮ ಮೇಲೆ ಅಪರಾಧ ನಡೆಯಿತೇ, ದೂರು ಕೊಟ್ಟಿರಾ, ಕೊಡದಿದ್ದರೆ ಯಾಕೆ' ಎಂದು ಕೇಳುವ ಸಮೀಕ್ಷೆ ನಡೆಸುತ್ತಿವೆ. ಭಾರತದಲ್ಲಿ ಅಂಥ ನಿಯಮಿತ ರಾಷ್ಟ್ರೀಯ ಸಮೀಕ್ಷೆ ಇಲ್ಲ. ಪಂಪ್‌ಸೆಟ್ ಕೇಬಲ್ ಕಳೆದುಕೊಂಡ ರೈತ, ಕುರಿ ಕಳೆದುಕೊಂಡ ಕುರಿಗಾಹಿ 'ಠಾಣೆಗೆ ಹೋದ್ರ ದಿನದ ಕೂಲಿನೂ ಹೋತು' ಎಂದು ಸುಮ್ಮನಾದರೆ ಆ ನಷ್ಟ ಯಾವ ಪುಸ್ತಕಕ್ಕೂ ಏರುವುದಿಲ್ಲ.

21. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಗಂಡನಿಂದ ಹಿಂಸೆ ಅನುಭವಿಸಿದೆ ಎಂದ ಕರ್ನಾಟಕದ ವಿವಾಹಿತೆಯರ ಪ್ರಮಾಣ 2015-16ರಲ್ಲಿ ಶೇ 20.6. ಮುಂದಿನ 2019-21ರ ಸುತ್ತಿನಲ್ಲಿ ಅದು ಶೇ 44.4. ಹಿಂಸೆಯೇ ದುಪ್ಪಟ್ಟಾಯಿತೇ, ಹೇಳಿಕೊಳ್ಳುವ ಧೈರ್ಯ ಬಂತೇ, ಕೇಳುವ ರೀತಿ ಬದಲಾಯಿತೇ? ಲಕ್ಷಾಂತರ ಮನೆಗಳಿಗೆ ಸಂಬಂಧಿಸಿದ ಪ್ರಶ್ನೆ ಇದು. ಸಂಶೋಧನೆಯ ಹಣ ಮೊದಲು ಇಂಥ ಕಡೆ ಹೋಗಬೇಕು.

22. ಅದೇ ಸಮೀಕ್ಷೆಯ ದೇಶದ ಲೆಕ್ಕದಲ್ಲಿ, ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾದ ಮಹಿಳೆಯರಲ್ಲಿ ನೆರವು ಕೇಳಿದವರು ಶೇ 14 ಮಾತ್ರ. ಕೇಳಿದವರಲ್ಲೂ ಹೆಚ್ಚಿನವರು ಹೋದದ್ದು ತವರಿಗೆ.

ಕೇಳಿದ್ದಕ್ಕೆ ಸಿಕ್ಕ ಉತ್ತರ

23. ತೋಂಟದಾರ್ಯ ಮಠದ ಜಾತ್ರೆಯಿರಲಿ, ಚುನಾವಣೆಯಿರಲಿ, ಬಂದೋಬಸ್ತಿಗೆ ನಿಲ್ಲುವ ಪೇದೆಯ ದಿನ ಎಷ್ಟು ತಾಸಿನದು? ಪೊಲೀಸ್ ಸಂಶೋಧನಾ ಬ್ಯೂರೋ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ದೇಶದ ಠಾಣಾ ಸಿಬ್ಬಂದಿಯಲ್ಲಿ ಸುಮಾರು ಶೇ 90ರಷ್ಟು ಮಂದಿ ದಿನಕ್ಕೆ 8 ತಾಸಿಗಿಂತ ಹೆಚ್ಚು ದುಡಿಯುತ್ತಾರೆ. ಶೇ 73.6ರಷ್ಟು ಮಂದಿಗೆ ವಾರದ ರಜೆ ತಿಂಗಳಿಗೊಮ್ಮೆಯೂ ಸಿಗುವುದಿಲ್ಲ. ದಣಿದವನ ಕೈಯಲ್ಲಿ ತನಿಖೆಯೂ ದಣಿಯುತ್ತದೆ.

24. ರಾಜಸ್ಥಾನದ 162 ಠಾಣೆಗಳಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಐಪಿಎಸ್ ಅಧಿಕಾರಿ ನೀನಾ ಸಿಂಗ್ ಮುಂತಾದವರು ಹಲವು ಸುಧಾರಣೆಗಳನ್ನು ಪರೀಕ್ಷಿಸಿದರು. ಸಿಬ್ಬಂದಿಗೆ ತರಬೇತಿ ಕೊಟ್ಟದ್ದು, ಪದೇ ಪದೇ ವರ್ಗಾವಣೆ ಮಾಡದೆ ಇದ್ದದ್ದು ಫಲ ಕೊಟ್ಟವು. ವಾರದ ರಜೆಯ ಪಾಳಿ, ಠಾಣೆಯಲ್ಲಿ ಊರಿನವರನ್ನು ಕೂರಿಸುವ ಯೋಜನೆ ಸರಿಯಾಗಿ ಜಾರಿಗೇ ಬರಲಿಲ್ಲ. ಯಾವುದು ನಡೆಯಿತು, ಯಾವುದು ನಡೆಯಲಿಲ್ಲ ಎರಡನ್ನೂ ಅವರು ಬಚ್ಚಿಡದೆ ಬರೆದರು.

25. ಮಧ್ಯಪ್ರದೇಶದ 180 ಠಾಣೆಗಳಲ್ಲಿ ಮಹಿಳಾ ಸಹಾಯ ಕೇಂದ್ರಗಳ ಪ್ರಯೋಗ ನಡೆಯಿತು. ಫಲಿತಾಂಶ 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಕೇಂದ್ರ ಇದ್ದ ಠಾಣೆಗಳಲ್ಲಿ ಮಹಿಳೆಯರ ದೂರುಗಳು ಹೆಚ್ಚು ದಾಖಲಾದವು, ಕೇಂದ್ರದ ಹೊಣೆ ಮಹಿಳಾ ಅಧಿಕಾರಿಯ ಕೈಯಲ್ಲಿದ್ದಲ್ಲಿ ಇನ್ನಷ್ಟು. ಬರೀ ಒಂದು ಕೋಣೆ, ಒಂದು ಬೋರ್ಡು ಸಾಲದು, ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಎಂಬುದು ಮುಖ್ಯ ಎಂದು ಹೀಗೆ ತಿಳಿಯಿತು.

26. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಮಕ್ಕಳ ಕಾನೂನು ಕೇಂದ್ರ 2017ರಲ್ಲಿ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ವಿಚಾರಿಸುವ ಕರ್ನಾಟಕದ ಪೋಕ್ಸೊ ವಿಶೇಷ ನ್ಯಾಯಾಲಯಗಳ ಅಧ್ಯಯನ ಪ್ರಕಟಿಸಿತು. ಬಹಳಷ್ಟು ಕೇಸುಗಳಲ್ಲಿ ನೊಂದ ಮಗುವೇ ಸಾಕ್ಷಿ ಹೇಳುವಾಗ ತಿರುಗಿಬೀಳುತ್ತಿತ್ತು. ಮಗುವಿಗೆ ಮನೆಯಿಂದ, ಊರಿನಿಂದ ಬರುವ ಒತ್ತಡ ಎಷ್ಟಿರಬಹುದು ಎಂದು ಯೋಚಿಸಿ.

27. ಸಾಕ್ಷಿಗಳ ರಕ್ಷಣೆಗೆ 2018ರಲ್ಲಿ ಒಂದು ಯೋಜನೆ ಬಂತು. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ಮತ್ತು ಪೊಲೀಸ್ ಸಂಶೋಧನಾ ಬ್ಯೂರೋ ಸಹಿತ ಹಲವರ ನೆರವಿನಿಂದ ಸಿದ್ಧವಾದ ಕರಡನ್ನು ಸುಪ್ರೀಂ ಕೋರ್ಟು ಒಪ್ಪಿ, ಸಂಸತ್ತು ಕಾನೂನು ಮಾಡುವ ತನಕ ಅದೇ ಕಾನೂನು ಎಂದಿತು.

28. ಒಂದು ಕಾಲಕ್ಕೆ ಮಂಪರು ಪರೀಕ್ಷೆಗೆ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ದೇಶಕ್ಕೇ ಹೆಸರಾಗಿತ್ತು. ಬ್ರೇನ್ ಮ್ಯಾಪಿಂಗ್‌ಗೆ ವೈಜ್ಞಾನಿಕ ಆಧಾರ ಸಾಲದು ಎಂದು ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ 2008ರಲ್ಲಿ ಹೇಳಿತು. 2010ರ ಮೇ 5ರಂದು 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಂಥ ಪರೀಕ್ಷೆಗಳನ್ನು ಬಲವಂತದಿಂದ ಮಾಡುವಂತಿಲ್ಲ ಎಂದು ತೀರ್ಪಿತ್ತಿತು. ಯಂತ್ರ ಕೊಳ್ಳುವ ಮೊದಲು ವಿಜ್ಞಾನಿಯನ್ನು ಕೇಳಿದ್ದರೆ ಎಷ್ಟೋ ಹಣ ಮತ್ತು ಎಷ್ಟೋ ಜನರ ಮಾನ ಉಳಿಯುತ್ತಿತ್ತು.

29. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1972-73ರಲ್ಲಿ 15 ಬೀಟ್‌ಗಳನ್ನು ಮೂರು ಗುಂಪು ಮಾಡಿ ಒಂದರಲ್ಲಿ ಗಸ್ತು ಹೆಚ್ಚಿಸಿದರು, ಒಂದರಲ್ಲಿ ನಿಲ್ಲಿಸಿದರು, ಒಂದನ್ನು ಇದ್ದಂತೆ ಬಿಟ್ಟರು. ಅಪರಾಧದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಸುಮ್ಮನೆ ಜೀಪು ಓಡಿಸುವುದಕ್ಕಿಂತ ಎಲ್ಲಿ, ಯಾವಾಗ ನಿಲ್ಲಬೇಕೆಂದು ತಿಳಿಯುವುದು ಮೇಲು ಎಂದು ಮುಂದಿನ ಸಂಶೋಧಕರು ಆ ದಾರಿ ಹಿಡಿದರು.

30. ದಾರಿ ತಪ್ಪುತ್ತಿರುವ ಹುಡುಗರನ್ನು ಜೈಲಿಗೆ ಕರೆದೊಯ್ದು ಕೈದಿಗಳಿಂದ ಹೆದರಿಸುವ ಕಾರ್ಯಕ್ರಮ ಅಮೆರಿಕದಲ್ಲಿ ಬಹಳ ಜನಪ್ರಿಯವಾಗಿತ್ತು. ಎಲ್ಲ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೀಗೆ ಹೆದರಿಸಿದ ಹುಡುಗರೇ ಮುಂದೆ ಹೆಚ್ಚು ತಪ್ಪು ಮಾಡಿದ್ದು ಕಂಡಿತು. ಒಳ್ಳೆಯ ಮನಸ್ಸಿನಿಂದ ಮಾಡಿದ್ದೆಲ್ಲ ಒಳ್ಳೆಯದನ್ನೇ ಮಾಡುತ್ತದೆ ಎಂಬ ಖಾತ್ರಿ ಇಲ್ಲ.

ನಮ್ಮಲ್ಲೇ ಕೇಳಬೇಕಾದ್ದು

31. 2017ರ ಫೆಬ್ರವರಿಯಲ್ಲಿ, ಪೊಲೀಸರ ವಶದಲ್ಲಿದ್ದ ಒಬ್ಬ ವ್ಯಕ್ತಿಯ ಸಾವಿನ ಸುದ್ದಿಯಿಂದ ಸಿಟ್ಟಿಗೆದ್ದ ಜನ ಲಕ್ಷ್ಮೇಶ್ವರದ ಠಾಣೆಗೆ ಬೆಂಕಿ ಹಚ್ಚಿದರು. ಒಂದು ಜೀವ ಹೋಯಿತು, ಊರಿನ ಮತ್ತು ಠಾಣೆಯ ನಡುವಿನ ನಂಬಿಕೆಯೂ ಹೋಯಿತು. ಬಂಧನದ ನಿಯಮಗಳನ್ನು ಡಿ.ಕೆ. ಬಸು ತೀರ್ಪು 1996ರಲ್ಲೇ ಹೇಳಿತ್ತು. ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕೆಂದು 2020ರ ಡಿಸೆಂಬರ್ 2ರಂದು ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತು. ಕ್ಯಾಮೆರಾ ಓಡುತ್ತಿದೆಯೇ, ದೃಶ್ಯ ಉಳಿಯುತ್ತಿದೆಯೇ, ಅದರಿಂದ ಲಾಕಪ್ ಸುರಕ್ಷಿತವಾಯಿತೇ? ಠಾಣೆ ಠಾಣೆಗೆ ಹೋಗಿ ನೋಡಬೇಕಾದ ಸಂಶೋಧನೆ ಇದು.

32. ಅಪರಾಧ ಯಾಕಾಯಿತು ಎಂದು ಕೇಳುವಂತೆಯೇ ಯಾಕಾಗಲಿಲ್ಲ ಎಂದೂ ಕೇಳಬೇಕು. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂ, ಮುಸ್ಲಿಮರಿಬ್ಬರೂ ನಡೆದುಕೊಳ್ಳುತ್ತಾರೆ. ಗದಗದ ತೋಂಟದ ಸಿದ್ಧಲಿಂಗ ಸ್ವಾಮೀಜಿ ರಾಷ್ಟ್ರೀಯ ಕೋಮು ಸೌಹಾರ್ದ ಪ್ರಶಸ್ತಿ ಪಡೆದವರು. ಎರಡೂ ಸಮುದಾಯದವರು ಸಂಘ-ಸಂಸ್ಥೆಗಳಲ್ಲಿ ಒಟ್ಟಿಗೆ ಕೆಲಸ ಮಾಡುವ ಊರುಗಳಲ್ಲಿ ಗಲಭೆ ಕಡಿಮೆ ಎಂದು ರಾಜಕೀಯಶಾಸ್ತ್ರಜ್ಞ ಅಶುತೋಷ್ ವಾರ್ಷ್ಣೇಯ 2002ರ ಪುಸ್ತಕದಲ್ಲಿ ತೋರಿಸಿದರು. ಅವರು ನೋಡಿದ್ದು ದೊಡ್ಡ ನಗರಗಳನ್ನು. ಶಿರಹಟ್ಟಿಯಂಥ ಸಣ್ಣ ಊರುಗಳ ಪಾಠ ಇನ್ನೂ ಬರೆಯಬೇಕಿದೆ.

33. ದೇಶದ ಜೈಲುಗಳಲ್ಲಿ 2022ರ ಕೊನೆಗೆ ಇದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತಾಗಿರಲಿಲ್ಲ. ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಪ್ರಕಾರ, ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಯಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲ ಒಳಗಿದ್ದರೆ ಬಿಡುಗಡೆಗೆ ಅರ್ಹರು. ಗಲ್ಲು, ಜೀವಾವಧಿಯಂಥ ಘೋರ ಪ್ರಕರಣಗಳಿಗೆ ಮಾತ್ರ ಇದು ಅನ್ವಯಿಸದು. ಬಾಕಿ ಕೇಸು ಹಲವು ಇದ್ದವರಿಗೂ ಈ ಬಿಡುಗಡೆ ಸುಲಭವಲ್ಲ.

34. ಆ ಸಂಹಿತೆಯೂ ಸೇರಿ ಹೊಸ ಮೂರು ಅಪರಾಧ ಕಾನೂನುಗಳು ಜಾರಿಗೆ ಬಂದದ್ದು 2024ರ ಜುಲೈ 1ರಂದು. ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಲೇಬೇಕು, ಇದಕ್ಕೆ ಸಜ್ಜಾಗಲು ರಾಜ್ಯಗಳಿಗೆ ಐದು ವರ್ಷದ ಅವಧಿ ಇದೆ. ಮುಂಡರಗಿಯ ಹಳ್ಳಿಯೊಂದಕ್ಕೆ ತಜ್ಞರು ತಲುಪುವ ಹೊತ್ತಿಗೆ ಪುರಾವೆ ಉಳಿದಿರುತ್ತದೆಯೇ? ಉಳಿಸಲು ಬೀಟ್ ಪೇದೆಗೆ ಏನು ಕಲಿಸಬೇಕು? ಐದು ವರ್ಷ ಮುಗಿಯುವ ಮೊದಲೇ ಉತ್ತರ ಬೇಕು.

35. ಉತ್ತರ ಹುಡುಕುವ ಶಕ್ತಿ ಹತ್ತಿರದಲ್ಲೇ ಇದೆ. ಗದಗದಲ್ಲೇ 2016ರ ಕಾಯ್ದೆಯಿಂದ ಹುಟ್ಟಿದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ವಿಭಾಗ, ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್, 2013ರಿಂದ ಕಾಯಂ ಆಗಿರುವ ಹೈಕೋರ್ಟ್ ಪೀಠ. ಹುಬ್ಬಳ್ಳಿಯಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯ. ಸರ್ಕಾರಿ ಯೋಜನೆಗಳನ್ನು ಅಳೆಯಲೆಂದೇ 2011ರಲ್ಲಿ ಹುಟ್ಟಿದ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರವೂ ರಾಜ್ಯಕ್ಕಿದೆ.

36. ದೇಶದ ಅಪರಾಧ ನ್ಯಾಯ ವ್ಯವಸ್ಥೆಯ ಸುಧಾರಣೆಗೆ 2000ದಲ್ಲಿ ನೇಮಕವಾದ ಸಮಿತಿಯ ಅಧ್ಯಕ್ಷರು ಹುಬ್ಬಳ್ಳಿಯ ನ್ಯಾಯಮೂರ್ತಿ ವಿ.ಎಸ್. ಮಳಿಮಠ. 2003ರ ವರದಿಯಲ್ಲಿ 158 ಶಿಫಾರಸುಗಳಿದ್ದವು. ಕೆಲವನ್ನು ಮಾನವ ಹಕ್ಕುಗಳ ಸಂಘಟನೆಗಳು ಗಟ್ಟಿಯಾಗಿ ವಿರೋಧಿಸಿದವು. ನೊಂದವರಿಗೆ ನ್ಯಾಯದಲ್ಲಿ ಪಾಲು ಬೇಕು, ವ್ಯವಸ್ಥೆಯನ್ನು ಕಾಲಕಾಲಕ್ಕೆ ಪರಿಶೀಲಿಸಬೇಕು ಎಂಬ ಮಾತುಗಳು ಇಂದಿಗೂ ಸಲ್ಲುತ್ತವೆ.

ಹಾಗಾದರೆ ಮೊದಲು ಯಾವುದು?

37. ಈ ಅಂಕಣದ ಪಟ್ಟಿ ಹೀಗಿದೆ. ಮೊದಲನೆಯದು, ತಾಲ್ಲೂಕಿನ ಮಟ್ಟದಲ್ಲಿ ನೊಂದವರ ಸಮೀಕ್ಷೆ. ರೋಗ ತಿಳಿಯದೆ ಔಷಧಕ್ಕೆ ಹಣ ಕೊಡುವುದು ವ್ಯರ್ಥ. ಎರಡನೆಯದು, ಮನೆಯೊಳಗಿನ ಹಿಂಸೆ. ಅತಿ ಹೆಚ್ಚು ಜನ ನರಳುವುದು, ಅತಿ ಕಡಿಮೆ ದಾಖಲಾಗುವುದು ಅದು. ಮೂರನೆಯದು, ಲಾಕಪ್ ಮತ್ತು ಜೈಲು. ಅಲ್ಲಿರುವವರ ದನಿ ಹೊರಗೆ ಕೇಳುವುದಿಲ್ಲ, ಅವರ ಜೀವದ ಹೊಣೆ ನೇರವಾಗಿ ಸರ್ಕಾರದ್ದು. ನಾಲ್ಕನೆಯದು, ಪೇದೆಯ ಕೆಲಸದ ತಾಸು ಮತ್ತು ತರಬೇತಿ. ಐದನೆಯದು, ಹೊಸ ಯಂತ್ರ, ಹೊಸ ಆ್ಯಪ್‌ಗಳ ಪರೀಕ್ಷೆ, ಅದೂ ಕೊಳ್ಳುವ ಮೊದಲು.

38. ಯಾವ ಸಂಶೋಧನೆಗೆ ಹಣ ಕೊಡಬೇಕೆಂದು ತೀರ್ಮಾನಿಸುವ ಮೇಜಿನ ಸುತ್ತ ಅಧಿಕಾರಿ, ಪ್ರಾಧ್ಯಾಪಕರ ಜೊತೆಗೆ ಬೆಟಗೇರಿ ಸೆಟ್ಲ್‌ಮೆಂಟಿನ ಒಬ್ಬರು, ಪೇದೆಯೊಬ್ಬರು, ತಾಲ್ಲೂಕು ಕೋರ್ಟಿನ ವಕೀಲರೊಬ್ಬರು, ಕೇಸು ನಡೆಸಿ ಸೋತ ತಾಯಿಯೊಬ್ಬರು ಕೂರಬೇಕು. ಅವರನ್ನು ಕೇಳದೆ ಅವರ ಬಗ್ಗೆ ಬರೆದ ಕಾನೂನು ಏನು ಮಾಡಿತು ಎಂಬುದನ್ನು 1871ರಿಂದ 1952ರ ತನಕ ಈ ನಾಡು ಕಂಡಿದೆ.

39. ನೀವೂ ಕೆಲಸಕ್ಕೆ ಬರಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು ಮತ್ತು ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವಿನ ಹಕ್ಕಿದೆ, ಸಹಾಯವಾಣಿ 15100. ಆನ್‌ಲೈನ್ ವಂಚನೆಯಾದರೆ ತಕ್ಷಣ 1930ಕ್ಕೆ ಕರೆ ಮಾಡಿ. ನಿಮ್ಮ ದೂರು ದಾಖಲಾದರೆ ಮಾತ್ರ ನಿಮ್ಮ ಊರಿನ ಕಷ್ಟ ಲೆಕ್ಕಕ್ಕೆ ಬರುತ್ತದೆ.

40. ಗದಗ ಕ್ಷೇತ್ರದ ಶಾಸಕ ಎಚ್.ಕೆ. ಪಾಟೀಲರು 2023ರ ಮೇ ತಿಂಗಳಲ್ಲಿ ರಾಜ್ಯದ ಕಾನೂನು ಖಾತೆ ವಹಿಸಿಕೊಂಡರು. ಅವರ ಸ್ವಂತ ಜಿಲ್ಲೆಯಿಂದಲೇ ದೇಶದ ಮೊದಲ ತಾಲ್ಲೂಕು ಮಟ್ಟದ ಅಪರಾಧ ಸಮೀಕ್ಷೆ ಆರಂಭವಾದರೆ ಅದಕ್ಕಿಂತ ಸೂಕ್ತವಾದದ್ದು ಬೇರೆ ಇಲ್ಲ. ಪಕ್ಷ ಯಾವುದೇ ಇರಲಿ, ಮುಂದಿನ ಬಾರಿ ನಿಮ್ಮ ಪ್ರತಿನಿಧಿ ಊರಿಗೆ ಬಂದಾಗ ರಸ್ತೆ, ನೀರಿನ ಜೊತೆಗೆ ಇದನ್ನೂ ಕೇಳಿ: 'ನಮ್ಮ ಠಾಣೆ, ನಮ್ಮ ಕೋರ್ಟು ನಮಗೆ ಎಷ್ಟು ನ್ಯಾಯ ಕೊಡುತ್ತಿವೆ ಎಂದು ಅಳೆಯಲು ಈ ವರ್ಷದ ಬಜೆಟ್‌ನಲ್ಲಿ ಎಷ್ಟು ಹಣ ಇಟ್ಟಿದ್ದೀರಿ?'